ಟಿಯರ್‌ಡ್ರಾಪ್ ಟ್ರೇಲರ್: ಕೆಲಸ ಕೆಡೋದು ಇಬ್ಬರ ಕೈ ಸೇರುವ ಜಾಗದಲ್ಲಿ

ನಾನು ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಫ್ಯಾಬ್ರಿಕೇಶನ್ ಶೆಡ್ ನೋಡಿಕೊಳ್ಳುತ್ತೇನೆ. ಗೇಟು, ಗ್ರಿಲ್, ಕಾರ್ಖಾನೆಯ ಟ್ರಾಲಿ, ಫುಡ್ ಟ್ರಕ್ ಇವುಗಳ ಮೇಲೆ ನಮ್ಮ ಹೊಟ್ಟೆಪಾಡು. ಅರ್ಧಕ್ಕರ್ಧ ಜನ ವಿಜಯಪುರ, ಕಲಬುರಗಿ ಕಡೆಯವರು. ಹಾಗಾಗಿ ಶೆಡ್ಡಿನೊಳಗೆ ಮಾತೆಲ್ಲ ಕನ್ನಡ. ಬೈಗುಳ ಮಾತ್ರ ಮರಾಠಿ.

ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವ ಹುಬ್ಬಳ್ಳಿಯವರೊಬ್ಬರು ಟಿಯರ್‌ಡ್ರಾಪ್ ಟ್ರೇಲರ್, ಅಂದ್ರೆ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಹನಿ ಆಕಾರದ ಮಲಗುವ ಗಾಡಿ, ಕಟ್ಟಬೇಕು ಅಂತ ಬಂದರು. ಶನಿವಾರ, ಭಾನುವಾರ ತಾವೇ ಕಟ್ಟುತ್ತಾರೆ, ಜಾಗ ಮತ್ತು ಕಷ್ಟದ ಕೆಲಸ ನಮ್ಮದು ಅಂತ ಮಾತಾಯಿತು. ಈ ಗಾಡಿ 1930ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾದದ್ದು. ನಕ್ಷೆ ತಂದು ಮನೆಯಲ್ಲೇ ಕಟ್ಟಿಕೊಳ್ಳುವವರು ಅಲ್ಲಿ ಆಗಿನಿಂದಲೂ ಇದ್ದಾರೆ. ಮಾಮೂಲಿ ಅಳತೆ 8 ಅಡಿ ಉದ್ದ, 4 ಅಡಿ ಅಗಲ, ಅಂದ್ರೆ ಒಂದು ಪ್ಲೈವುಡ್ ಶೀಟು. ಮುಂದೆ ದುಂಡಗೆ, ಹಿಂದೆ ಇಳಿಜಾರು. ಒಳಗೆ ಇಬ್ಬರು ಮಲಗಬಹುದು, ಎದ್ದು ನಿಲ್ಲೋಕಾಗಲ್ಲ. ಹಿಂದಿನ ಬಾಗಿಲು ಮೇಲೆತ್ತಿದರೆ ಅಡುಗೆ ಕಟ್ಟೆ.

ನೋಡೋಕೆ ಆಟದ ಸಾಮಾನು. ನಮ್ಮ ಶೆಡ್‌ನಲ್ಲಿ ಇದರ ಹತ್ತು ಪಟ್ಟು ಭಾರದ ಕೆಲಸ ಮಾಡಿದವರಿದ್ದಾರೆ. ಆದರೂ ಇದರಷ್ಟು ತಲೆ ತಿಂದ ಕೆಲಸ ಇನ್ನೊಂದಿಲ್ಲ. ವೆಲ್ಡರ್ ತನ್ನ ಕೆಲಸ ಸರಿಯಾಗಿ ಮಾಡಿದ, ಬಡಗಿಯೂ ಮಾಡಿದ, ವೈರಿಂಗ್ ಹುಡುಗನೂ ಮಾಡಿದ. ತೊಂದರೆ ಬಂದದ್ದು ಒಬ್ಬನ ಕೆಲಸ ಮುಗಿದು ಇನ್ನೊಬ್ಬನದು ಶುರುವಾಗುವ ಆ ಒಂದಿಂಚು ಜಾಗದಲ್ಲಿ.

ಮೊದಲು ಕಾಗದ ಪತ್ರದ ಮಾತು ಮುಗಿಸಿಬಿಡ್ತೀನಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಒಂದು ವಾಹನ, ಅದಕ್ಕೂ ನೋಂದಣಿ ಬೇಕು. 1989ರ ಕೇಂದ್ರ ನಿಯಮಗಳಂತೆ ತಯಾರಕರು ಮಾದರಿಯನ್ನು ಪರೀಕ್ಷೆಗೆ ಕೊಟ್ಟು ಒಪ್ಪಿಗೆ ಪಡೆಯಬೇಕು. ಆ ಪರೀಕ್ಷೆ ಮಾಡುವ ಸಂಸ್ಥೆಗಳಲ್ಲಿ ಒಂದಾದ ಎಆರ್‌ಎಐ (ಆಟೊಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ) ನಮ್ಮ ಪುಣೆಯಲ್ಲೇ ಇದೆ. ಊರಲ್ಲೇ ಇದೆ ಅಂತ ಒಂದೇ ಒಂದು ಗಾಡಿಗೆ ಅಷ್ಟೆಲ್ಲ ಮಾಡಿಸೋದು ಒಬ್ಬ ಮನುಷ್ಯನ ಕೈಗೆ ಎಟುಕೋ ಮಾತಲ್ಲ. ಅದಕ್ಕೇ ನಾನು ಹಟ ಹಿಡಿದೆ: ಒಪ್ಪಿಗೆ ಇರುವ ತಯಾರಕರಿಂದ ಕಾಗದ ಸಮೇತ ಚಾಸಿ, ಅಂದ್ರೆ ಚಕ್ರ ಸಮೇತದ ಕೆಳಗಿನ ಚೌಕಟ್ಟು, ತನ್ನಿ, ಮೇಲಿನ ಬಾಡಿಯ ಅಳತೆ, ತೂಕ ಎಲ್ಲ ಆ ಕಾಗದದೊಳಗೇ ಇರಲಿ. ಕಾರಿನ ಮ್ಯಾನುಯಲ್‌ನಲ್ಲಿ ಎಷ್ಟು ತೂಕ ಎಳೆಯಬಹುದು ಅಂತ ಬರೆದಿದೆಯೋ ಅದನ್ನೂ ತರೋಕೆ ಹೇಳಿದೆ. ಬೇಜಾರು ಮಾಡಿಕೊಂಡರು, ಆದರೆ ತಂದರು.

ಚಾಸಿ ಬಂತು. ಅದರ ಪಟ್ಟಿ ಸ್ಪ್ರಿಂಗ್ ಸರಕು ಹೇರುವ ಲೆಕ್ಕದ್ದು. ಹಗುರ ಗಾಡಿಗೆ ಅಂಥ ಸ್ಪ್ರಿಂಗ್ ಇದ್ದರೆ ಅದು ಬಗ್ಗೋದೇ ಇಲ್ಲ. ಪ್ರತಿ ಗುಂಡಿಗೂ ಗಾಡಿ ಜಿಗಿಯುತ್ತದೆ, ಸ್ಕ್ರೂ ಸಡಿಲವಾಗುತ್ತದೆ, ಅಂಟು ಬಿರಿಯುತ್ತದೆ. ವಾಪಸ್ ಕೊಟ್ಟು ಹಗುರ ಸ್ಪ್ರಿಂಗಿನ ಚಾಸಿಯನ್ನೇ ತರಿಸಿಕೊಂಡೆವು. ಎಷ್ಟು ತೂಕದ ಬಾಡಿ ಕೂರುತ್ತದೆ ಅನ್ನೋದನ್ನ ಆರ್ಡರ್ ಕೊಡುವಾಗಲೇ ಬರೆದು ಕೊಡಬೇಕು.

ತೂಕದ ಮಾತು ಬಂತಲ್ಲ, ಅಲ್ಲೇ ನಿಲ್ಲೋಣ. ನಮ್ಮ ಬಡಗಿ ಕಾಕಾ ಇಂಡಿ ತಾಲ್ಲೂಕಿನವರು. ಜೀವಮಾನವಿಡೀ ಮನೆಯ ಕಪಾಟು, ಅಡುಗೆಮನೆ ಮಾಡಿದವರು. ಕಪಾಟು ಅಂದ್ರೆ ಅವರ ಕೈ ತಾನಾಗಿ 18 ಎಂಎಂ ಪ್ಲೈ ಕಡೆ ಹೋಗುತ್ತದೆ. 8 ಬೈ 4ರ ಒಂದು 18 ಎಂಎಂ ಶೀಟು ಸುಮಾರು 35 ಕೆಜಿ. 12 ಎಂಎಂ ಆದರೆ 23ರ ಆಸುಪಾಸು. ಮನೆಯಲ್ಲಿ ಈ ವ್ಯತ್ಯಾಸ ಯಾರಿಗೂ ತಿಳಿಯಲ್ಲ. ಇಲ್ಲಿ ಅಡುಗೆ ಕಟ್ಟೆ ಇರೋದು ಆಕ್ಸಲ್‌ನ ಹಿಂದೆ. ಸ್ಟವ್, ಪಾತ್ರೆ, ಐಸ್ ಬಾಕ್ಸ್, ನೀರಿನ ಕ್ಯಾನು ಎಲ್ಲ ಅಲ್ಲಿಗೇ ಹೋಗಿ ಕೂರುತ್ತವೆ.

ಟ್ರೇಲರ್‌ನ ಒಟ್ಟು ತೂಕದಲ್ಲಿ ಶೇಕಡ 10ರಿಂದ 15ರಷ್ಟು ಕಾರಿನ ಕೊಂಡಿಯ ಮೇಲೆ ಕೂರಬೇಕು ಅನ್ನೋದು ಅಮೆರಿಕದವರ ಲೆಕ್ಕ. ಯುರೋಪಿನವರು ಇನ್ನೂ ಕಡಿಮೆ ಇಡುತ್ತಾರೆ. ತೀರಾ ಕಡಿಮೆಯಾದರೆ ವೇಗದಲ್ಲಿ ಟ್ರೇಲರ್ ಎಡಕ್ಕೂ ಬಲಕ್ಕೂ ಓಲಾಡಿ ಕಾರನ್ನೂ ಎಳೆದಾಡುತ್ತದೆ. ಜಾಸ್ತಿಯಾದರೆ ಕಾರಿನ ಹಿಂಭಾಗ ಕುಸಿದು ಮುಂದಿನ ಚಕ್ರದ ಹಿಡಿತ ಹೋಗುತ್ತದೆ. ಗಿರಾಕಿ ಇದನ್ನು ಲ್ಯಾಪ್‌ಟಾಪ್‌ನಲ್ಲಿ ಗ್ರಾಫ್ ಹಾಕಿ ತೋರಿಸಿದರು. ಕಾಕಾ ಸ್ವಲ್ಪ ಹೊತ್ತು ನೋಡಿದರು. "ಅಲ್ರೀ ಸರ, ಇದು ಎತ್ತಿನ ಗಾಡಿ ಹೇರೂ ಲೆಕ್ಕ ಅಲ್ಲೇನ್ರಿ? ಮುಂದ ಭಾರ ಜಾಸ್ತಿ ಆತಂದ್ರ ಎತ್ತಿನ ಹೆಗಲ ಮ್ಯಾಲೆ ಬೀಳ್ತೈತಿ. ಹಿಂದ ಜಾಸ್ತಿ ಆತಂದ್ರ ನೊಗಾ ಮ್ಯಾಲೆ ಏಳ್ತೈತಿ, ಕೊಳ್ಳ ಹಗ್ಗ ಬಿಗೀತೈತಿ" ಅಂದರು. ಗ್ರಾಫ್ ಅಲ್ಲಿಗೇ ಮುಚ್ಚಿತು. ಮರುದಿನ ಅವರಾಗೇ ಅಡುಗೆ ಕಟ್ಟೆಯ ಅಡ್ಡ ಹಲಗೆಗಳನ್ನು 9 ಎಂಎಂಗೆ ಇಳಿಸಿದರು.

ಅಳೆಯೋದು ಹೇಗೆ ಅಂತ ತುಂಬಾ ಜನ ಕೇಳ್ತಾರೆ. ಮನೆಯಲ್ಲಿ ನಾವು ತೂಕ ನೋಡಿಕೊಳ್ಳೋ ಚಪ್ಪಟೆ ಕಾಟಾ ಇರುತ್ತಲ್ವಾ, ಅದೇ ಸಾಕು. ಕೊಂಡಿಯ ಕೆಳಗೆ ಕಾಟಾ, ಮಧ್ಯೆ ಮರದ ತುಂಡು. ಕೊಂಡಿ ಕಾರಿಗೆ ಸಿಕ್ಕಿಸಿದಾಗ ಎಷ್ಟು ಎತ್ತರದಲ್ಲಿರುತ್ತೋ ಅಷ್ಟೇ ಎತ್ತರಕ್ಕೆ ನಿಲ್ಲಿಸಬೇಕು. ಗಾಡಿ ತುಂಬಿರಬೇಕು, ಖಾಲಿ ಗಾಡಿ ಅಳೆದು ಏನೂ ಉಪಯೋಗವಿಲ್ಲ. ಆಕ್ಸಲ್‌ನಿಂದ ಕೊಂಡಿಗೆ 3 ಮೀಟರ್ ಇದೆ ಅಂದ್ಕೊಳ್ಳಿ. ಆಕ್ಸಲ್‌ಗಿಂತ 1 ಮೀಟರ್ ಹಿಂದೆ 20 ಲೀಟರ್ ನೀರಿಟ್ಟರೆ ಕೊಂಡಿಯ ಮೇಲಿನ ಭಾರ 7 ಕೆಜಿಯಷ್ಟು ಇಳಿಯುತ್ತದೆ. ಅದೇ ನೀರನ್ನು ಆಕ್ಸಲ್ ಮೇಲೇ ಇಟ್ಟರೆ ಏನೂ ಬದಲಾಗಲ್ಲ. ಬ್ಯಾಟರಿಯನ್ನು ನಾವು ಮುಂದಕ್ಕೆ ಒಯ್ದೆವು. 100 ಆಂಪಿಯರ್ ಅವರ್‌ನ ಲೆಡ್ ಆಸಿಡ್ ಬ್ಯಾಟರಿ 30 ಕೆಜಿ ಹತ್ತಿರ ತೂಗುತ್ತದೆ. ಅಷ್ಟೇ ಸಾಮರ್ಥ್ಯದ ಲಿಥಿಯಂ ಅದರ ಅರ್ಧಕ್ಕಿಂತ ಕಡಿಮೆ.

ಇನ್ನು ಹಿಂದಿನ ಬಾಗಿಲು. ಟಿಯರ್‌ಡ್ರಾಪ್‌ನಲ್ಲಿ ಮನುಷ್ಯನ ತಾಳ್ಮೆ ಪರೀಕ್ಷೆ ಆಗೋದು ಇಲ್ಲೇ. ಬಾಗಿದ ಪಕ್ಕೆಗಳನ್ನು ಪ್ಲೈಯಲ್ಲಿ ಕೊಯ್ದು, ಅದರ ಮೇಲೆ ತೆಳು ಪ್ಲೈ ಬಗ್ಗಿಸಿ ಅಂಟಿಸಬೇಕು. ಕಾಕಾ ಗಾಡಿಯ ಮೇಲೇ ಬೆಲ್ಟು ಬಿಗಿದು ಅಂಟಿಸಿದರು. ಕೂದಲೆಳೆ ಸಂದು ಇಲ್ಲದಂತೆ ಕೂತಿತ್ತು. ಬೆಲ್ಟು ಬಿಚ್ಚಿದ ಕೂಡಲೇ ಬಾಗಿಲಿನ ಕೆಳ ತುದಿ ನಿಧಾನಕ್ಕೆ ಹೊರಗೆ ಸರಿದು ಎರಡು ಬೆರಳು ಸಂದು ಬಿಟ್ಟಿತು. ಬಗ್ಗಿಸಿದ ಪ್ಲೈ ನೆಟ್ಟಗಾಗೋಕೆ ನೋಡ್ತಾನೇ ಇರುತ್ತದೆ, ಪಕ್ಕೆ ತೆಳುವಾಗಿದ್ದರೆ ಅದನ್ನೂ ಎಳೆದುಕೊಂಡು ಹೋಗುತ್ತದೆ. ಒಂದು ದಪ್ಪ ಪ್ಲೈ ಬದಲು ಎರಡು ತೆಳು ಪದರ ಹಾಕಿ ನಡುವೆ ಪೂರ್ತಿ ಅಂಟು ಕೊಟ್ಟರೆ ಪದರಗಳು ಒಂದರ ಮೇಲೊಂದು ಜಾರೋಕಾಗಲ್ಲ, ಆಕಾರ ನಿಲ್ಲುತ್ತದೆ. ಪ್ಲೈ ಬಗ್ಗಿಸೋ ಅಚ್ಚನ್ನೂ ಬೇಕಾದ್ದಕ್ಕಿಂತ ಸ್ವಲ್ಪ ಜಾಸ್ತಿ ಬಾಗಿಸಿ ಮಾಡಿದೆವು. ಅಂಟು ಪೂರ್ತಿ ಗಟ್ಟಿಯಾಗೋ ತನಕ ಯಾರೂ ಮುಟ್ಟಬಾರದು ಅಂತ ಬೋರ್ಡು ಹಾಕಿದೆವು. ಆದರೂ ಮುಟ್ಟಿದರು, ಅದು ಬೇರೆ ವಿಷಯ.

ಬಾಗಿಲು ಸರಿಯಾಯಿತು. ಆಮೇಲೆ ವೆಲ್ಡರ್ ಹುಡುಗ ಬಂದು ಎತ್ತಿ ಹಿಡಿಯೋಕೆ ಗ್ಯಾಸ್ ಶಾಕ್, ಅಂದ್ರೆ ಒಳಗೆ ಗ್ಯಾಸ್ ತುಂಬಿದ, ಬಾಗಿಲು ತಳ್ಳಿ ಹಿಡಿಯುವ ಕಡ್ಡಿ, ಹಾಕಿದ. ಫುಡ್ ಟ್ರಕ್ಕಿನ ಮೇಲೆತ್ತುವ ಕಬ್ಬಿಣದ ಬಾಗಿಲಿಗೆ ಹಾಕುವಂಥವೇ, ಜೋರು. ಬಾಗಿಲು ಮುಚ್ಚಿದ್ದಾಗಲೂ ಅವು ಒಳಗಿನಿಂದ ತಳ್ಳುತ್ತಲೇ ಇರುತ್ತವೆ. ಬಾಗಿಲು ಮಧ್ಯದಲ್ಲಿ ಉಬ್ಬಿ ಮತ್ತೆ ಸಂದು ಬಿಟ್ಟಿತು. ಕಾಕಾ ಬೈದರು, ಹುಡುಗ ಮುಖ ಊದಿಸಿಕೊಂಡ. ಇಬ್ಬರದೂ ಸರಿಯೇ. ಬಾಗಿಲಿನ ತೂಕ ಎಷ್ಟು ಅಂತ ಒಬ್ಬರು ಹೇಳಿರಲಿಲ್ಲ, ಇನ್ನೊಬ್ಬರು ಕೇಳಿರಲಿಲ್ಲ. ಬಾಗಿಲನ್ನು ತೂಗಿ, ಅದಕ್ಕೆ ತಕ್ಕ ಕಡಿಮೆ ಬಲದ ಶಾಕ್ ತಂದು, ಪಕ್ಕೆ ಗಟ್ಟಿಯಿರುವ ಜಾಗದಲ್ಲಿ ಕೂರಿಸಿದ ಮೇಲೆ ಬಾಗಿಲು ತಣ್ಣಗೆ ಕೂತಿತು.

ನೀರು ತಡೆಯೋಕೆ ಬಾಗಿಲಿನ ಸುತ್ತ ಹಾಕುವ ರಬ್ಬರ್ ಎಲ್ಲಿ ತಾಗುತ್ತಿಲ್ಲ ಅಂತ ತಿಳಿಯೋಕೆ ಸೀಮೆಸುಣ್ಣ ಸಾಕು. ಚೌಕಟ್ಟಿನ ಅಂಚಿಗೆ ಸುಣ್ಣ ಉಜ್ಜಿ, ಬಾಗಿಲು ಮುಚ್ಚಿ ತೆರೆದರೆ ತಾಗಿದ ಕಡೆಯೆಲ್ಲ ರಬ್ಬರ್ ಬಿಳಿಯಾಗಿರುತ್ತದೆ. ಕಪ್ಪಾಗೇ ಉಳಿದ ಜಾಗದಿಂದ ನೀರು ಬರುತ್ತದೆ. ಎಷ್ಟೇ ಮಾಡಿದರೂ ಸಹ್ಯಾದ್ರಿಯ ಮಳೆಗೆ ಒಂದೇ ರಬ್ಬರ್ ನಂಬೋಕಾಗಲ್ಲ. ತಾಮ್ಹಿಣಿ ಘಾಟ್ ಕಡೆ ಜುಲೈನಲ್ಲಿ ಹೋದವರಿಗೆ ಗೊತ್ತು, ಅಲ್ಲಿ ಮಳೆ ಮೇಲಿನಿಂದ ಮಾತ್ರ ಬರಲ್ಲ. ನಾವು ಹೊರಗೊಂದು ಒಳಗೊಂದು ರಬ್ಬರ್ ಹಾಕಿ, ನಡುವೆ ಕಾಲುವೆ ಬಿಟ್ಟು, ನುಗ್ಗಿದ ನೀರು ಎರಡೂ ಬದಿಯಲ್ಲಿ ಹೊರಗೆ ಇಳಿಯುವ ಹಾಗೆ ಮಾಡಿದೆವು. ಮೇಲೆ ಪಿಯಾನೋ ಹಿಂಜ್, ಅಂದ್ರೆ ಬಾಗಿಲಿನ ಉದ್ದಕ್ಕೂ ಬರುವ ಒಂದೇ ಹಿಂಜ್, ಅದರ ಮೇಲೆ ಉದ್ದಕ್ಕೂ ರಬ್ಬರ್ ಹೊದಿಕೆ.

ಹೊರಗಿನ ಅಲ್ಯೂಮಿನಿಯಂ ತಗಡನ್ನು ಪ್ಲೈಗೆ ಸುತ್ತಲೂ ರಿವೆಟ್ ಹೊಡೆದು ಬಿಗಿಯಬೇಕು ಅಂತ ವೆಲ್ಡರ್ ಹುಡುಗನ ವಾದ. ಏಪ್ರಿಲ್ ಬಿಸಿಲಲ್ಲಿ ತಗಡು 40 ಡಿಗ್ರಿ ಹೆಚ್ಚು ಕಾದರೆ 8 ಅಡಿಗೆ 2 ಎಂಎಂಗಿಂತ ಜಾಸ್ತಿ ಹಿಗ್ಗುತ್ತದೆ. ಪ್ಲೈ ಅಷ್ಟು ಹಿಗ್ಗಲ್ಲ. ಬಿಗಿದರೆ ತಗಡು ಅಲೆ ಅಲೆಯಾಗಿ ಉಬ್ಬುತ್ತದೆ, ರಿವೆಟ್ ತೂತು ಅಗಲವಾಗುತ್ತದೆ. ಅಂಚಿನ ಪಟ್ಟಿಯಿಂದ ಹಿಡಿದು, ಒಳಗೆ ಸರಿದಾಡೋಕೆ ಬಿಟ್ಟೆವು. ಅಂಚಿನ ಕೆಳಗೆ ನೀರು ತಡೆಯೋ ಮೆತ್ತನೆಯ ಅಂಟು ಪಟ್ಟಿ, ಬ್ಯೂಟೈಲ್ ಟೇಪು. ಸಿಲಿಕೋನ್ ಬೇಡ ಅಂದೆ. ಹಳೇ ಸಿಲಿಕೋನ್ ಮೇಲೆ ಹೊಸ ಸಿಲಿಕೋನೂ ಸರಿಯಾಗಿ ಹಿಡಿಯಲ್ಲ, ಬಣ್ಣವೂ ನಿಲ್ಲಲ್ಲ. ಒಮ್ಮೆ ಹಾಕಿದರೆ ರಿಪೇರಿ ಮಾಡುವವನ ಪಾಡು ದೇವರಿಗೇ ಪ್ರೀತಿ.

ಪ್ಲೈಯನ್ನು ಭವಾನಿ ಪೇಠದ ಟಿಂಬರ್ ಮಾರ್ಕೆಟ್‌ನಿಂದ ತಂದದ್ದು. ಗಿರಾಕಿ ಎಲ್ಲಾ ಕಡೆ ಐಎಸ್ 710 ಮರೈನ್ ಪ್ಲೈ ಬೇಕು ಅಂದಿದ್ದರು. ನನ್ನ ಪ್ರಕಾರ ಅದು ನೆಲಕ್ಕೆ ಮತ್ತು ಪಕ್ಕದ ಗೋಡೆಯ ಕೆಳಭಾಗಕ್ಕೆ ಸಾಕು. ಉಳಿದದ್ದಕ್ಕೆ ಐಎಸ್ 303ರ ಬಿಡಬ್ಲ್ಯೂಆರ್ (ಕುದಿಯುವ ನೀರು ತಡೆಯುವ ದರ್ಜೆಯ ಪ್ಲೈ) ನಡೆಯುತ್ತದೆ. ಯಾವ ಪ್ಲೈ ಆದರೂ ನೀರು ಕುಡಿಯೋದು ಅಂಚಿನಿಂದ. ಕಾಕಾ ಎಲ್ಲ ಅಂಚಿಗೂ ಎಪಾಕ್ಸಿ ಬಳಿದರು. ಆಮೇಲೆ ವೈರಿಂಗ್ ಹುಡುಗ ಬಂದು ಟೈಲ್ ಲ್ಯಾಂಪ್‌ಗೆ ಡ್ರಿಲ್ ಹೊಡೆದ. ಹೊಸ ತೂತು ಅಂದ್ರೆ ಹೊಸ ಅಂಚು. ಅದಕ್ಕೆ ಯಾರು ಎಪಾಕ್ಸಿ ಹಚ್ಚಬೇಕು? ಯಾರೂ ಹಚ್ಚಿರಲಿಲ್ಲ. ಪೈಪಿನಿಂದ ನೀರು ಬಿಟ್ಟು ನೋಡಿದ ದಿನ ಮೊದಲು ಒದ್ದೆಯಾದದ್ದು ಆ ಜಾಗವೇ.

ಇದಾದ ಮೇಲೆ ಶೆಡ್ಡಿನ ಗೋಡೆಗೆ ಗಾಡಿಯ ಚಿತ್ರ ಅಂಟಿಸಿದೆ. ಅದರಲ್ಲಿ ಜೋಡಣೆಗಳಿಗೆ ಮಾತ್ರ ನಂಬರ್. ಚಾಸಿ ಮತ್ತು ನೆಲ, ಗೋಡೆ ಮತ್ತು ತಗಡು, ಬಾಗಿಲು ಮತ್ತು ಶಾಕ್, ವೈರು ಮತ್ತು ಗೋಡೆ. ಪ್ರತಿ ನಂಬರಿಗೂ ಇಬ್ಬರ ಹೆಸರು, ಕೆಲಸ ಶುರುವಾಗೋ ಮುಂಚೆ ಇಬ್ಬರೂ ಅಲ್ಲಿ ನಿಂತು ಮಾತಾಡಬೇಕು. ಈಗ ಫುಡ್ ಟ್ರಕ್ಕಿಗೂ ಇದೇ ಪದ್ಧತಿ. ಹುಡುಗರು ಮೊದಮೊದಲು ನಕ್ಕರು.

ವೈರಿಂಗ್ ಬಗ್ಗೆ ಒಂದೇ ಮಾತು. ಅರ್ಥಿಂಗನ್ನು ಕೊಂಡಿಯ ಗುಂಡಿನ ಮೂಲಕ ಬಿಡಬೇಡಿ, ಪ್ರತ್ಯೇಕ ವೈರು ಎಳೆಯಿರಿ. ಗುಂಡಿಗೆ ಗ್ರೀಸು, ತುಕ್ಕು ಬಂದರೆ ಕರೆಂಟ್ ಸರಿಯಾಗಿ ಹರಿಯದೆ ಬ್ರೇಕ್ ಹಾಕಿದಾಗ ಇಂಡಿಕೇಟರ್ ಮಿನುಗುತ್ತದೆ.

ಗ್ಯಾಸ್ ವಿಷಯದಲ್ಲಿ ಮಾತ್ರ ಯಾರ ಮಾತೂ ಕೇಳಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಇಷ್ಟು ಚಿಕ್ಕ ಗೂಡಿನಲ್ಲಿ ಮಲಗಿದವರ ಮೂಗೂ ನೆಲದ ಹತ್ತಿರವೇ ಇರುತ್ತದೆ. ಸಿಲಿಂಡರ್ ಮಲಗುವ ಕಡೆ ಬರಲೇಬಾರದು, ಅಡುಗೆ ಕಟ್ಟೆಯ ತಳದಲ್ಲಿ ಗಾಳಿ ಹೊರಹೋಗೋಕೆ ಕಿಂಡಿ ಇರಬೇಕು, ನಡುವಿನ ಗೋಡೆಯಲ್ಲಿ ವೈರಿನ ತೂತು ಕೂಡ ಮುಚ್ಚಿರಬೇಕು. ಚಳಿ ಅಂತ ಒಳಗೆ ಸ್ಟವ್ ಹಚ್ಚೋದಂತೂ ಸಾವಿಗೆ ಕರೆ ಕೊಟ್ಟಂತೆ.

ಗಿರಾಕಿ ಮೊದಲ ಸಲ ಪವನಾ ಡ್ಯಾಮಿನ ಕಡೆ ಹೋಗಿ ಬಂದು ಫೋನ್ ಮಾಡಿದರು. "ಸರ್, ಮಳೇನೇ ಇಲ್ಲ, ಆದ್ರೂ ಒಳಗೆ ಛತ್ತು ತೊಟ್ಟಿಕ್ಕುತ್ತಿದೆ!" ಅದು ಸೋರಿಕೆ ಅಲ್ಲ, ಅವರದೇ ಉಸಿರು. ಇಬ್ಬರು ರಾತ್ರಿಯಿಡೀ ಉಸಿರಾಡಿದರೆ ಅರ್ಧ ಲೀಟರಿನಷ್ಟು ನೀರು ಗಾಳಿಗೆ ಸೇರುತ್ತದೆ. ತಣ್ಣನೆ ತಗಡಿಗೆ ತಾಗಿ ಹನಿಯಾಗುತ್ತದೆ. ಛತ್ತಿನ ಕಿಂಡಿಯನ್ನು ಅವರು ಚಳಿಗೆ ಪೂರ್ತಿ ಮುಚ್ಚಿದ್ದರು. ಛತ್ತಿಗೆ ಥರ್ಮಾಕೋಲ್ ಪದರ ಇತ್ತು, ಆದರೆ ಕಿಂಡಿಯ ಅಲ್ಯೂಮಿನಿಯಂ ಚೌಕಟ್ಟಿಗೆ ಇರಲಿಲ್ಲ, ಹನಿ ಕಟ್ಟಿದ್ದು ಅಲ್ಲೇ. ಮೇಲಿನ ಕಿಂಡಿ ಒಂದು ಬೆರಳು, ಕೆಳಗಿನ ಕಿಟಕಿ ಒಂದು ಬೆರಳು ತೆರೆದಿಡಿ ಅಂದೆ. ಚೌಕಟ್ಟಿಗೆ ಫೋಮ್ ಪಟ್ಟಿ ಹಾಕಿಸೋಕೆ ಮುಂದಿನ ಶನಿವಾರ ಬರ್ತಾರೆ. ಆ ಜೋಡಣೆಗೆ ಗೋಡೆಯ ಚಿತ್ರದಲ್ಲಿ ನಂಬರ್ ಇರಲಿಲ್ಲ, ಕಾಕಾ ಪೆನ್ಸಿಲ್‌ನಲ್ಲಿ ಸೇರಿಸಿದ್ದಾರೆ.