ಕರಿಯನ ಬೆನ್ನಿನ ಬಲಗಡೆ

"ಡಾಕ್ಟ್ರೇ, ಇವನ ಧೈರ್ಯ ಅರ್ಧ ಹೋಗಿದೆ."

ಸೋಮವಾರ ಕಾವಲು ನಾಯಿ ಕರಿಯನನ್ನು ಮೇಜಿನ ಮೇಲೆ ನಿಲ್ಲಿಸಿ, ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಆಡಿದ ಮೊದಲ ಮಾತು ಇದು. ವಿರಾಜಪೇಟೆ ಕಡೆಯ ಕಾಫಿ ತೋಟ. ಆರು ವಾರದ ಹಿಂದೆ ಕಾಡುಹಂದಿ ಕೋರೆಯಿಂದ ಸೀಳಿತ್ತು. ಭುಜದ ಹಿಂದೆ, ಬೆನ್ನುಮೂಳೆಯಿಂದ ಎರಡು ಬೆರಳು ಬಲಕ್ಕೆ, ಮೂಳೆಗುಂಟ ಗೇಣುದ್ದದ ಗಾಯ. ಹೊಲಿಗೆ ಚೆನ್ನಾಗಿ ಕೂಡಿದೆ. ಆದರೆ ಬೇರೆ ನಾಯಿ ಕಂಡಾಗ ಎಡಗಡೆಯ ಕೂದಲು ಮಾತ್ರ ನಿಗುರುತ್ತದೆ. ಕಾವಲಿಗೆ ಇನ್ನು ಆಗಲ್ಲ, ಯಾರಿಗಾದರೂ ಕೊಟ್ಟುಬಿಡ್ತೀನಿ ಎಂದರು.

ಅಷ್ಟರಲ್ಲಿ ಜಗಲಿಯಲ್ಲಿ ಇನ್ನೊಂದು ನಾಯಿ ಬೊಗಳಿತು. ಕರಿಯನ ಕುತ್ತಿಗೆಯಿಂದ ಎದ್ದ ಕೂದಲು ಅಲೆಯ ಹಾಗೆ ಬಾಲದತ್ತ ಓಡಿತು. ಬಲಗಡೆ ಮಾತ್ರ ಕಲೆಯ ಅಂಚಿಗೆ ಬಂದು, ಗೆರೆ ಎಳೆದಂತೆ ನಿಂತಿತು. ಅದರಾಚೆ ಅಂಗೈಯಗಲದ ಚರ್ಮದಲ್ಲಿ ಒಂದೆಳೆಯೂ ಏಳಲಿಲ್ಲ. ಸ್ಟೀಲ್ ಮೇಜಿನ ಮೇಲೆ ನಾಲ್ಕು ಪಾದದ ಒದ್ದೆ ಗುರುತು ಮೂಡಿತ್ತು.

ಈ ದೃಶ್ಯ ವಾರವಿಡೀ ಕಣ್ಣ ಮುಂದಿದೆ, ಯಾಕೆಂದರೆ ಇಡೀ ಪಾಠ ಅದರಲ್ಲೇ ಇದೆ. ಮಿದುಳಿನ ಆದೇಶ ಎದೆ-ಸೊಂಟದ ಮಟ್ಟದಲ್ಲಿ ಬೆನ್ನುಹುರಿಯಿಂದ ಹೊರಟು, ಮೂಳೆಯ ಎರಡೂ ಪಕ್ಕ ಸರದಂತಿರುವ ಸಿಂಪಥೆಟಿಕ್ (ಇಚ್ಛೆಯಿಲ್ಲದೆ ತಾನೇ ಕೆಲಸ ಮಾಡುವ) ನರಗಳ ಗಂಟುಗಳಲ್ಲಿ ಕೈ ಬದಲಾಯಿಸುತ್ತದೆ. ಅಲ್ಲಿಂದ ಹೊರಟ ಎಳೆಗಳು ಸ್ಪರ್ಶದ ನರಗಳ ಜೊತೆಗೂಡಿಯೇ ಚರ್ಮಕ್ಕೆ ಬರುತ್ತವೆ. ಕೂದಲ ಬುಡದ ಪುಟ್ಟ ಸ್ನಾಯುವಿನ ಮೇಲೆ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕ ಸುರಿಯುತ್ತವೆ, ಸ್ನಾಯು ಜಗ್ಗುತ್ತದೆ, ಕೂದಲು ಏಳುತ್ತದೆ. ಈ ಕೂದಲೆತ್ತುವ ನರಗಳ ದಾರಿಯನ್ನು ಶರೀರಶಾಸ್ತ್ರಜ್ಞರಾದ ಲ್ಯಾಂಗ್ಲಿ ಮತ್ತು ಶೆರಿಂಗ್ಟನ್ 1891ರಲ್ಲೇ ವಿವರಿಸಿದ್ದರು. ಅದೇ ನರ ಚರ್ಮದ ರಕ್ತನಾಳಗಳನ್ನೂ ಬಿಗಿಹಿಡಿಯುತ್ತದೆ. ಪಾದದ ಬೆವರಿಗೂ ಸಿಂಪಥೆಟಿಕ್ ನರವೇ, ಆದರೆ ಅದು ಬಿಡುವುದು ಇನ್ನೊಂದು ರಾಸಾಯನಿಕ, ಅಸಿಟೈಲ್‌ಕೋಲಿನ್.

ಅಕ್ಕಪಕ್ಕದ ನರಗಳ ಸೀಮೆ ಒಂದರ ಮೇಲೊಂದು ಹಾಯುವುದರಿಂದ ಒಂದು ನರ ತುಂಡಾದರೆ ಹೆಚ್ಚೇನೂ ಗೊತ್ತಾಗುವುದಿಲ್ಲ. ಹಂದಿಯ ಕೋರೆ ಸಾಲಾಗಿ ಹಲವು ಎಳೆಗಳನ್ನು ಕತ್ತರಿಸಿದೆ. ಆದೇಶ ಎರಡೂ ಕಡೆ ಒಂದೇ ಸಮ ಹೊರಟಿದೆ, ಬಲಗಡೆ ತಂತಿ ಇಲ್ಲ, ಅಷ್ಟೆ.

"ನೊಣ ಕೂತರೆ ಅಲ್ಲೂ ಚರ್ಮ ನಡುಗಿಸ್ತಾನಲ್ಲ?" ಎಂದು ರೈಟರ್ ಕೇಳಿದರು. ಒಳ್ಳೆಯ ಪ್ರಶ್ನೆ. ಬೆನ್ನುಮೂಳೆಯ ಪಕ್ಕ ಫೋರ್ಸೆಪ್ಸ್‌ನಿಂದ ಮೆಲ್ಲಗೆ ಚಿವುಟಿದರೆ, ಎಡಗಡೆ ಚಿವುಟಿದಾಗ ಎರಡೂ ಮೈ ಅದುರಿತು, ಆ ಸತ್ತ ತುಣುಕೂ ಸೇರಿ. ತುಣುಕಿನೊಳಗೇ ಚಿವುಟಿದರೆ ಏನೂ ಇಲ್ಲ. ಅದುರಿಸುವ ಸ್ನಾಯುವಿನ ನರ ಕುತ್ತಿಗೆಯ ಬುಡದಿಂದ ಕಂಕುಳ ಮೂಲಕ ಬೇರೆ ದಾರಿಯಲ್ಲಿ ಬರುತ್ತದೆ, ಹಂದಿ ಅದನ್ನು ಮುಟ್ಟಿಲ್ಲ. ಬೆನ್ನಿನಿಂದ ಸುದ್ದಿ ಒಯ್ಯುವ ನರ ಮಾತ್ರ ತುಂಡಾಗಿದೆ. ಅದುರುವುದು ಬೇರೆ, ನಿಗುರುವುದು ಬೇರೆ.

ಧೈರ್ಯದ ಮಾತಿಗಿಂತ ಹೆಚ್ಚು ಸಂಕಟವಾದದ್ದು ಉಪ್ಪಿನ ಗಂಟಿನ ಶಾಖಕ್ಕೆ. ಮೊದಲ ವಾರಗಳಲ್ಲಿ ಆ ಜಾಗ ಬಿಸಿಯಾಗಿತ್ತಂತೆ. ಒಳಗೆ ಕೀವಾಗಿರಬೇಕು ಎಂದು ಹುರಿದ ಉಪ್ಪು ಕಟ್ಟಿ ಒತ್ತಿದ್ದಾರೆ. ಬಿಗಿಯುವ ನರ ಕತ್ತರಿಸಿದಾಗ ರಕ್ತನಾಳ ಸಡಿಲವಾಗಿ ಚರ್ಮ ಬೆಚ್ಚಗಾಗುತ್ತದೆ. ಊತ, ನೋವು, ಸೋರುವಿಕೆ ಇಲ್ಲದ ಬಿಸಿ ಕೀವಿನದ್ದಲ್ಲ. ಸ್ಪರ್ಶವೂ ಇಲ್ಲದ ಜಾಗವಾದ್ದರಿಂದ ಸುಟ್ಟರೂ ನಾಯಿ ಕೂಗುವುದಿಲ್ಲ. ಕೂದಲು ಸರಿಸಿದಾಗ ಎರಡು ರೂಪಾಯಿ ನಾಣ್ಯದಷ್ಟು ಸುಟ್ಟ ಗುರುತು ಸಿಕ್ಕಿತು. ರೈಟರ್ ಅಕ್ಕರೆಯ ಮನುಷ್ಯ, ಗಾಯವಾದ ರಾತ್ರಿ ಮಳೆಯಲ್ಲಿ ನಾಯಿಯನ್ನು ಹೊತ್ತು ತಂದವರು. ತೀರ್ಪು ಮಾತ್ರ ಅವಸರದ್ದು. ಮರಗಟ್ಟಿದ ಚರ್ಮಕ್ಕೆ ಶಾಖ ಬೇಡವೇ ಬೇಡ.

ಧೈರ್ಯಕ್ಕೂ ಕೂದಲಿಗೂ ಸಂಬಂಧ ಕಟ್ಟುವುದು ನಮ್ಮಲ್ಲಿ ತುಂಬ ಇದೆ. ಭಯ, ಕೋಪ, ಚಳಿ, ಆಟದ ಹುರುಪು ಎಲ್ಲಕ್ಕೂ ಅದೇ ನರ, ಅದೇ ಸ್ನಾಯು, ನಾಯಿಯ ಇಚ್ಛೆಗೆ ಒಳಪಟ್ಟದ್ದಲ್ಲ. ಹಾಗೆ ನೋಡಿದರೆ ಎಡಗಡೆ ಎದ್ದದ್ದೂ ಧೈರ್ಯವಲ್ಲ. ಇದರ ತಿರುಗುಮುರುಗೂ ಉಂಟು. ಏಸ್‌ಪ್ರೊಮಜಿನ್ ಎಂಬ ಮಂಪರು ಔಷಧಿ ಕೊಟ್ಟ ನಾಯಿಯ ಕೂದಲು ಮಲಗಿದ್ದರೆ ಭಯ ಹೋಯಿತೆಂದು ನಂಬಬಾರದು. ಔಷಧಿ ನಾರ್‌ಅಡ್ರಿನಲಿನ್ ಕೂರುವ ಜಾಗವನ್ನು ಮುಚ್ಚುತ್ತದೆ, ಚರ್ಮದ ನಾಳಗಳೂ ತೆರೆದುಕೊಳ್ಳುತ್ತವೆ. ಮಡಿಕೇರಿಯ ಚಳಿಯಲ್ಲಿ ಮೈ ಬೇಗ ತಣ್ಣಗಾಗುತ್ತದೆ, ಕಂಬಳಿ ಬೇಕೇ ಬೇಕು.

ಬೋಳಿಸಿದ ಆ ಭಾಗದಲ್ಲಿ ಕೂದಲು ನಿಧಾನವಾಗಿ ಬರುತ್ತಿರುವುದಕ್ಕೂ ಇದೇ ಕಾರಣವಿರಬಹುದು. 2020ರಲ್ಲಿ ಇಲಿಗಳಲ್ಲಿ ಕಂಡಂತೆ ಸಿಂಪಥೆಟಿಕ್ ನರ ಹೊಸ ಕೂದಲು ಹುಟ್ಟಿಸುವ ಕಾಂಡಕೋಶಗಳನ್ನೂ ಮುಟ್ಟಿರುತ್ತದೆ, ನರ ಹೋದರೆ ಅವು ಗಾಢ ನಿದ್ದೆಗೆ ಜಾರುತ್ತವೆ.

ನರ ಬೆಳೆದರೆ ದಿನಕ್ಕೆ ಸುಮಾರು 1 ಮಿ.ಮೀ. ಕಲೆಯ ಗಟ್ಟಿ ನಾರು ಅಡ್ಡ ಬಂದರೆ ಅದೂ ಇಲ್ಲ. ಎರಡು ವಾರಕ್ಕೊಮ್ಮೆ, ಪಕ್ಕದಲ್ಲಿ ಸ್ಕೇಲ್ ಇಟ್ಟು, ಕೂದಲು ನಿಗುರಿದಾಗ ಫೋಟೋ ತೆಗೆಯಲು ರೈಟರ್‌ಗೆ ಹೇಳಿದೆ. ಮೊದಲು ಏಳುವುದು ಕಲೆಗೆ ತಾಗಿದ ಅಂಚು. ನಿನ್ನೆ ಫೋನ್ ಮಾಡಿ, ಕರಿಯನನ್ನು ಯಾರಿಗೂ ಕೊಟ್ಟಿಲ್ಲ ಎಂದರು.