ಹಾಪರ್‌ನಲ್ಲಿ ಮರೆತ ಪೆಲೆಟ್: ಕಾರವಾರದ ಹಿತ್ತಿಲಿನ ರಿಪೇರಿ ದಿನಚರಿ

ಆಗಸ್ಟ್ 4

ಎರಡು ತಿಂಗಳ ಮೇಲೆ ಇವತ್ತು ಸ್ಮೋಕರ್‌ನ ತಾಡಪತ್ರಿ ತೆಗೆದೆ. ಮೊದಲು ಮೂಗಿಗೆ ಬಡಿದದ್ದು ಒದ್ದೆ ಮರದ ಪುಡಿಯ ಹುಳಿ ವಾಸನೆ. ಮುಚ್ಚಳ ಎತ್ತಿದರೆ ಜಾಲರಿಯ ತುಂಬ ಬಿಳಿ ಬೂಸ್ಟು. ಹಾಪರ್ ಒಳಗೆ ಮೇ ತಿಂಗಳಲ್ಲಿ ಬಿಟ್ಟಿದ್ದ ಪೆಲೆಟ್ ಉಬ್ಬಿ, ಒಡೆದು, ತಳದಲ್ಲಿ ಗಟ್ಟಿ ಮುದ್ದೆಯಾಗಿ ಕೂತಿದೆ. ಸ್ವಿಚ್ ಹಾಕಿ ನೋಡಿದೆ. ಫ್ಯಾನ್ ತಿರುಗಿತು. ಆಗರ್ ಕದಲಲಿಲ್ಲ. ಮೋಟರ್ ಸುಮ್ನೆ ಹೂಂ ಅನ್ನುತ್ತಾ ನಿಂತಿತು. ಬೇಗ ಆರಿಸಿದೆ.

ಈ ಯಂತ್ರ ಕಂಡಿಲ್ಲದವರಿಗೆ ಎರಡು ಮಾತು. ಇದು ಹೊಗೆಯಲ್ಲಿ ಬೇಯಿಸುವ ಒಲೆ. ಬೆಂಕಿಗೆ ಇದ್ದಿಲು ಇಲ್ಲ, ಗ್ಯಾಸ್ ಇಲ್ಲ. ಮರದ ಪುಡಿಯನ್ನು ಒತ್ತಿ ಮಾಡಿದ, ಸುಮಾರು 6 ಮಿಲಿಮೀಟರ್ ದಪ್ಪದ ಗುಳಿಗೆಗಳೇ ಸೌದೆ. ಪಕ್ಕದ ಪೆಟ್ಟಿಗೆ, ಅಂದರೆ ಹಾಪರ್‌ನಿಂದ, ತಿರುಪಿನ ಹಾಗಿರುವ ಆಗರ್ ಅವನ್ನು ನಿಧಾನ ತಳ್ಳುತ್ತಾ ಫೈರ್ ಪಾಟ್ ಎಂಬ ಚಿಕ್ಕ ಕುಡಿಕೆಗೆ ಬೀಳಿಸುತ್ತದೆ. ಅಲ್ಲಿ ಒಂದು ಬಿಸಿ ಕಡ್ಡಿ ಬೆಂಕಿ ಹೊತ್ತಿಸುತ್ತದೆ, ಫ್ಯಾನ್ ಗಾಳಿ ಊದುತ್ತದೆ. ಎಷ್ಟು ಬಿಸಿ ಬೇಕು ಅಂತ ಹೇಳಿಬಿಟ್ಟರೆ ಕಂಟ್ರೋಲರ್ ಉಳಿದದ್ದನ್ನು ನೋಡಿಕೊಳ್ಳುತ್ತದೆ. 1980ರ ದಶಕದಲ್ಲಿ ಅಮೆರಿಕದ ಓರೆಗಾನ್‌ನಲ್ಲಿ ಜೋ ಟ್ರೇಗರ್ ಎಂಬಾತ ಮೊದಲು ಮಾಡಿದ್ದು. ನಮ್ಮಲ್ಲಿರುವುದು ಬೇರೆ ಕಂಪನಿಯದ್ದು. ಅಮೆರಿಕದಿಂದ ವಾಪಸ್ ಬಂದ ಭಾವ ತಂದದ್ದು. ಬೆಂಗಳೂರಿನ ಫ್ಲ್ಯಾಟಿನಲ್ಲಿ ಹೊಗೆ ಎಬ್ಬಿಸಲು ಬಿಡುತ್ತಾರಾ? ಹಾಗಾಗಿ ಅದು ಕೋಡಿಬಾಗದ ನಮ್ಮ ಹಿತ್ತಿಲಿಗೆ ಬಂತು.

ಶ್ರಾವಣ ಶುರುವಾಗುತ್ತಿದೆ. ಚೌತಿ ಮುಗಿಯುವ ತನಕ ಮನೆಯೊಳಗೆ ಮೀನಿಲ್ಲ. ರಿಪೇರಿಗೆ ಒಂದು ತಿಂಗಳು ಸಿಕ್ಕ ಹಾಗಾಯಿತು.

ಆಗಸ್ಟ್ 5

ಇವತ್ತು ಕೆಲಸ ಏನೂ ಆಗಲಿಲ್ಲ, ಇಡೀ ದಿನ ಮಳೆ. ಆಯಿಯ ಹತ್ತಿರ ಬೈಸಿಕೊಂಡೆ, ಅಷ್ಟೆ.

"ಒಣ ಮೀನು ಎಲ್ಲಿಡ್ತೇನೆ ನಾನು? ಹಪ್ಪಳ ಎಲ್ಲಿಡ್ತೇನೆ? ಮೇ ತಿಂಗಳಲ್ಲಿ ಬಿಸಿಲಿಗೆ ಹಾಕಿ ಡಬ್ಬಿಗೆ ತುಂಬಿ ಬಾಯಿ ಬಿಗೀತೇನೆ. ನೀನು ಮರದ ಪುಡೀನ ಹಿತ್ತಲಲ್ಲಿ ಬಿಟ್ಟೀಯಲ್ಲೋ!"

ಎದುರು ಮಾತಾಡಲು ಏನೂ ಉಳಿದಿರಲಿಲ್ಲ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುವ ಊರು. ಪೆಲೆಟ್‌ಗೆ ಅಂಟು ಹಾಕಿರುವುದಿಲ್ಲ. ಒತ್ತುವಾಗ ಬರುವ ಬಿಸಿಗೆ ಮರದಲ್ಲೇ ಇರುವ ಲಿಗ್ನಿನ್ ಮೆತ್ತಗಾಗಿ ಪುಡಿಯನ್ನು ಹಿಡಿದುಕೊಳ್ಳುತ್ತದೆ. ತೇವ ತಾಗಿದರೆ ಆ ಹಿಡಿತ ಹೋಯಿತು. ನಂಬದಿದ್ದರೆ ಒಂದು ಪೆಲೆಟ್ ಅನ್ನು ಲೋಟದ ನೀರಿಗೆ ಹಾಕಿ ನೋಡಿ. ಸ್ವಲ್ಪ ಹೊತ್ತಿಗೆ ಉಬ್ಬಿದ ಪುಡಿ ಬಿಟ್ಟು ಬೇರೇನೂ ಇರುವುದಿಲ್ಲ. ಹಾಪರ್‌ನಲ್ಲಿ ಉಬ್ಬಿದರೆ ಕೈ ಹಾಕಿ ತೆಗೆಯಬಹುದು. ಆಗರ್ ಕೊಳವೆಯ ಒಳಗೆ ಉಬ್ಬಿದರೆ ಹೋಗಲು ಜಾಗ ಎಲ್ಲಿ? ಸಿಮೆಂಟ್ ಹಾಗೆ ಗಟ್ಟಿಯಾಗುತ್ತದೆ.

ಆಗಸ್ಟ್ 10

ದೊಡ್ಡ ಕೆಲಸದ ದಿನ. ಬೆಳಿಗ್ಗೆ 9ಕ್ಕೆ ಶುರು ಮಾಡಿದ್ದು, ಮುಗಿದಾಗ ದೀಪ ಹಚ್ಚುವ ಹೊತ್ತು.

ಮೊದಲು ಪ್ಲಗ್ ಕಿತ್ತೆ. ಮೂಗಿಗೆ ಬಟ್ಟೆ ಕಟ್ಟಿಕೊಂಡೆ, ಬೂಸ್ಟಿನ ಪುಡಿ ಒಳಗೆ ಹೋಗಬಾರದಲ್ವಾ. ಹಾಪರ್‌ನ ಮುದ್ದೆಯನ್ನು ತೆಂಗಿನಕಾಯಿ ಚಿಪ್ಪಿನಿಂದ ಗೋರಿ ಗೋಣಿಚೀಲಕ್ಕೆ ಹಾಕಿದೆ. ಎರಡು ಕಿಲೋ ಇರಬಹುದು. ಅದನ್ನು ಒಣಗಿಸಿ ಮತ್ತೆ ಉರಿಸುವ ಆಸೆ ಒಂದು ಕ್ಷಣ ಬಂತು. ಬೇಡ. ಬೂಸ್ಟು ಹಿಡಿದದ್ದು ಅಡುಗೆಗೆ ಬರುವುದಿಲ್ಲ. ಎಲ್ಲ ತೆಂಗಿನ ಬುಡಕ್ಕೆ ಹೋಯಿತು.

ಹಾಪರ್ ಹಿಡಿದಿರುವ ನಾಲ್ಕು ಬೋಲ್ಟ್ ಬಿಚ್ಚಿ ಪೆಟ್ಟಿಗೆಯನ್ನೇ ಕೆಳಗಿಳಿಸಿದೆ. ಈಗ ಮೋಟರ್ ಕಾಣುತ್ತದೆ. ಮೋಟರಿನ ದಂಡಕ್ಕೂ ಆಗರಿಗೂ ನಡುವೆ ಒಂದು ಸಣ್ಣ ಬೋಲ್ಟ್ ಇರುತ್ತದೆ. ಅದಕ್ಕೆ ಶಿಯರ್ ಪಿನ್ ಅನ್ನುತ್ತಾರೆ. ಆಗರ್ ಸಿಕ್ಕಿಕೊಂಡಾಗ ಮೋಟರಿನ ಗೇರ್ ಹಾಳಾಗುವ ಬದಲು ಈ ಬೋಲ್ಟ್ ತುಂಡಾಗಲಿ ಅಂತ ಬೇಕೆಂದೇ ಮೆತ್ತಗಿನದ್ದು ಹಾಕಿರುತ್ತಾರೆ. ಇದರ ಜಾಗದಲ್ಲಿ ಗಟ್ಟಿಯಾದ ಸ್ಟೀಲ್ ಬೋಲ್ಟ್ ಹಾಕುವ ಜಾಣತನ ಮಾಡಬೇಡಿ. ನನ್ನದು ತುಂಡಾಗಿರಲಿಲ್ಲ, ಆದರೆ ತುಕ್ಕು ಹಿಡಿದು ಅಲ್ಲೇ ಬೆಸುಗೆ ಹಾಕಿದ ಹಾಗಿತ್ತು.

ಬೈತಖೋಲದ ಬಂದರಿನಲ್ಲಿ ಬೋಟ್ ಎಂಜಿನ್ ರಿಪೇರಿ ಮಾಡುವ ಗೆಳೆಯನಿಗೆ ಫೋನ್ ಮಾಡಿದೆ. ಟ್ರಾಲರ್‌ಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ, ಆ ಎರಡು ತಿಂಗಳು ಅವನಿಗೆ ಉಸಿರಾಡಲು ಬಿಡುವಿರುವುದಿಲ್ಲ. ಈಗ ಬೋಟೆಲ್ಲ ಕಡಲಿಗೆ ಇಳಿದಿವೆ. ಬಂದ. ನೋಡಿ ನಕ್ಕ. "ಉಪ್ಪು ಗಾಳಿ ಮಾರಾಯಾ, ಇದಕ್ಕೆ ಅಮೆರಿಕ ಗೊತ್ತಿಲ್ಲ, ಕಾರವಾರ ಗೊತ್ತಿಲ್ಲ" ಅಂದ. ಬೋಲ್ಟಿನ ತಲೆಗೆ ಮಾತ್ರ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಅರ್ಧ ಗಂಟೆ ಚಹಾ ಕುಡಿದ. ಆಮೇಲೆ ಬಿಚ್ಚುವ ಮೊದಲು ಪಾನಾದಲ್ಲಿ ಒಂಚೂರು ಬಿಗಿ ಮಾಡಿದ! ತುಕ್ಕಿನ ಹಿಡಿತ ತಪ್ಪಬೇಕಾದರೆ ಮೊದಲು ಆ ಕಡೆ, ಆಮೇಲೆ ಈ ಕಡೆ. ಟಕ್ ಅಂತ ಬಂತು.

ಆಗರ್ ಮಾತ್ರ ಬರಲಿಲ್ಲ. ಇಲ್ಲಿ ನನಗೆ ಇನ್ನೊಂದು ಕೆಟ್ಟ ಯೋಚನೆ ಬಂದಿತ್ತು: ನೀರು ಬಿಟ್ಟು ಮೆತ್ತಗೆ ಮಾಡೋಣ ಅಂತ. ಗೆಳೆಯ ತಡೆದ. ನೀರು ಬಿದ್ದರೆ ಇನ್ನೂ ಉಬ್ಬುತ್ತದೆ, ಇನ್ನೂ ಬಿಗಿಯಾಗುತ್ತದೆ. ಎಣ್ಣೆಯೂ ಬೇಡ, ಅದರ ವಾಸನೆ ತಿಂಗಳುಗಟ್ಟಲೆ ಮೀನಿಗೆ ಬರುತ್ತದೆ. ಒಣಗಿಸಿ ಒಡೆಯುವುದೊಂದೇ ದಾರಿ. ತಂಗಿಯ ಹೇರ್ ಡ್ರೈಯರ್ ತಂದು ಕೊಳವೆಗೆ ಒಂದು ಗಂಟೆ ಬಿಸಿ ಗಾಳಿ ಹಿಡಿದೆ. (ಅವಳಿಗೆ ಇನ್ನೂ ಗೊತ್ತಿಲ್ಲ.) ಫೈರ್ ಪಾಟ್ ಕಡೆಯಿಂದ ಮರ ಕೊರೆಯುವ ಉದ್ದನೆಯ ಡ್ರಿಲ್ ಬಿಟ್ ಹಾಕಿ, ಆಗರಿನ ಎಲೆಗಳಿಗೆ ತಾಗದ ಹಾಗೆ, ಸ್ವಲ್ಪ ಸ್ವಲ್ಪವೇ ಕೊರೆದು ಪುಡಿ ತೆಗೆದೆ. ಈ ಕಡೆಯಿಂದ ಗೆಳೆಯ ಪೈಪ್ ರೆಂಚ್ ಹಿಡಿದು ದಂಡವನ್ನು ಹಿಂದೆ ಮುಂದೆ ಆಡಿಸಿದ. ಕಾಲು ಸುತ್ತು, ಮತ್ತೆ ಕಾಲು ಸುತ್ತು. ಮೂರೂವರೆಗೆ ಒಮ್ಮೆಲೇ ಕಳಚಿಕೊಂಡು ಇಡೀ ಆಗರ್ ಅವನ ಕೈಗೆ ಬಂತು, ಅವನು ತುಳಸಿಕಟ್ಟೆಗೆ ಒರಗಿ ಕೂತ.

ಕೊಳವೆಯ ಒಳಗೆ ಬ್ಯಾಟರಿ ಬಿಟ್ಟು ನೋಡಿದರೆ ಗೋಡೆಗೆ ಅಂಟಿದ ಕಂದು ಪದರ. ಕೋಲಿಗೆ ಒರಟು ಬಟ್ಟೆ ಸುತ್ತಿ ಉಜ್ಜಿದೆ. ಹೊಸ ಶಿಯರ್ ಪಿನ್ ಹಾಕಿದೆ. ಬೋಲ್ಟಿನ ಎಳೆಗಳಿಗೆ ಗೆಳೆಯ ಕೊಟ್ಟ ತಾಮ್ರದ ಗ್ರೀಸ್ ಹಚ್ಚಿದೆ, ಮುಂದಿನ ಸಲ ಬಿಚ್ಚಲು ಸುಲಭ.

ಆಗಸ್ಟ್ 11

ಬೂದಿ ಮತ್ತು ಜಿಡ್ಡಿನ ದಿನ.

ಫೈರ್ ಪಾಟಿನಲ್ಲಿ ಮೇ ತಿಂಗಳ ಬೂದಿ ಹಾಗೇ ಇತ್ತು, ತೇವ ಕುಡಿದು ಕೆಸರಾಗಿ ಒಣಗಿತ್ತು. ಬೂದಿಯಲ್ಲಿ ಕ್ಷಾರ ಇರುತ್ತದೆ, ತೇವವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕಬ್ಬಿಣದ ಕುಡಿಕೆಯಲ್ಲಿ ಒದ್ದೆ ಬೂದಿ ಬಿಡುವುದೂ ತುಕ್ಕಿಗೆ ಆಮಂತ್ರಣ ಕೊಡುವುದೂ ಒಂದೇ. ಗಾಳಿ ಬರುವ ತೂತುಗಳಲ್ಲಿ ಅರ್ಧದಷ್ಟು ಮುಚ್ಚಿಹೋಗಿದ್ದವು. ಒಂದೊಂದನ್ನೂ ಮೊಳೆಯಿಂದ ಬಿಡಿಸಿದೆ. ಆ ತೂತು ಮುಚ್ಚಿದರೆ ಗಾಳಿ ಸಾಲದೆ ಪೆಲೆಟ್ ಸರಿಯಾಗಿ ಉರಿಯುವುದಿಲ್ಲ, ಕಹಿ ಹೊಗೆ ಬರುತ್ತದೆ. ಮೇ ತಿಂಗಳಲ್ಲಿ ಕೋಳಿ ಕಹಿ ಆಗಿದ್ದು ಯಾಕೆ ಅಂತ ಈಗ ತಿಳಿಯಿತು. ಆಗ ಮಸಾಲೆಯನ್ನು ಬೈದಿದ್ದೆವು.

ಬೂದಿ ತೆಗೆಯಲು ವ್ಯಾಕ್ಯೂಮ್ ಬಳಸುವವರು ಒಂದು ವಿಷಯ ನೆನಪಿಡಿ. ಹಿಂದಿನ ರಾತ್ರಿ ಆರಿಸಿದ ಒಲೆಯಲ್ಲೂ ಬೂದಿಯ ಒಳಗೆ ಕೆಂಡ ಉಳಿದಿರಬಹುದು. ವ್ಯಾಕ್ಯೂಮಿನ ಚೀಲಕ್ಕೆ ಅದು ಹೋದರೆ ಗಾಳಿ ಸಿಕ್ಕಿ ಹೊತ್ತಿಕೊಳ್ಳುತ್ತದೆ. ನಾನು ಹಳೇ ಪೇಂಟ್ ಬ್ರಶ್ ಮತ್ತು ಮೊರದಲ್ಲೇ ಮುಗಿಸಿದೆ.

ಜಿಡ್ಡಿನ ತಟ್ಟೆ ಬೇರೆಯೇ ಕಥೆ. ಕೋಳಿಯ ಕೊಬ್ಬು ಮೇಣದ ಹಾಗೆ ಕೂರುತ್ತದೆ, ಕೆರೆದರೆ ಬರುತ್ತದೆ. ಬಂಗಡೆಯ ಎಣ್ಣೆ ಹಾಗಲ್ಲ. ಬಿಸಿಗೆ ಅದು ವಾರ್ನಿಶ್ ಆಗಿಬಿಡುತ್ತದೆ, ಹಳದಿ, ಗಟ್ಟಿ. ಬಿಸಿ ನೀರು, ಪಾತ್ರೆ ಸಾಬೂನು, ಅಡಿಗೆ ಸೋಡಾದ ಮುದ್ದೆ ಹಚ್ಚಿ ಒಂದು ಗಂಟೆ ಬಿಟ್ಟು ಪುಟ್ಟಿ ಬ್ಲೇಡಿನಿಂದ ಕೆರೆದೆ. ತಟ್ಟೆಯನ್ನು ಹೊರಗೆ ತೆಗೆದು ಮಾತ್ರ ತೊಳೆಯಬೇಕು, ಒಲೆಯ ಒಳಗೆ ನೀರು ಬಿಡಬಾರದು. ಜಿಡ್ಡು ಹರಿಯುವ ಕಾಲುವೆಯನ್ನೂ ಮರೆಯಬೇಡಿ. ಅದು ಕಟ್ಟಿಕೊಂಡರೆ ಜಿಡ್ಡು ಒಳಗೇ ನಿಂತು ಹೊತ್ತಿಕೊಳ್ಳುತ್ತದೆ. ಹಾಗೇನಾದರೂ ಆದರೆ ನೀರು ಎರಚಬೇಡಿ. ಯಂತ್ರ ಆರಿಸಿ, ಮುಚ್ಚಳ ಮುಚ್ಚಿಯೇ ಇರಲಿ.

ಜಾಲರಿಗೆ ತಂತಿ ಬ್ರಶ್ ಹಾಕಲಿಲ್ಲ. ಎನಾಮಲ್ ಎದ್ದುಹೋಗುತ್ತದೆ, ತಂತಿಯ ಎಳೆ ಮುರಿದು ಮೀನಿಗೆ ಅಂಟುವ ಭಯ ಬೇರೆ. ತೆಂಗಿನ ನಾರಿನ ಮುದ್ದೆ ಸಾಕಾಯಿತು, ಆಯಿ ದೋಸೆ ಕಾವಲಿಗೆ ಬಳಸುವಂಥದ್ದೇ.

ಚಿಮಣಿಯಲ್ಲಿ ಕಣಜದ ಮಣ್ಣಿನ ಗೂಡು. ಫ್ಯಾನಿನ ರೆಕ್ಕೆಯ ಮೇಲೆ ಇನ್ನೊಂದು. ಯಾರೂ ಇರಲಿಲ್ಲ, ಖಾಲಿ ಮನೆ.

ಆಗಸ್ಟ್ 17

ವಿದ್ಯುತ್ತಿನ ಕೆಲಸ. ಯಂತ್ರ ಅಮೆರಿಕದ 120 ವೋಲ್ಟಿನದ್ದು, ನಮ್ಮದು 230. ನಡುವೆ ಟ್ರಾನ್ಸ್‌ಫಾರ್ಮರ್ ಇದೆ. ಬಿಸಿ ಕಡ್ಡಿಯ ಮೇಲೆ 200 ವ್ಯಾಟ್ ಅಂತ ಬರೆದಿದೆ. 120ರ ವರ್ಗವನ್ನು 200ರಿಂದ ಭಾಗಿಸಿದರೆ 72 ಓಮ್ ಬರಬೇಕು. ಮೀಟರ್ ಹಿಡಿದೆ, 74. ಬದುಕಿದೆ. ಉಷ್ಣಾಂಶ ಅಳೆಯುವ ಕಡ್ಡಿ, ಸೊನ್ನೆ ಡಿಗ್ರಿಯಲ್ಲಿ 1000 ಓಮ್ ತೋರಿಸುವ ಪ್ಲಾಟಿನಂ ಜಾತಿಯದ್ದು. 30 ಡಿಗ್ರಿಯಲ್ಲಿ ಸುಮಾರು 1117 ಓಮ್ ತೋರಿಸಬೇಕು, ಹೆಚ್ಚುಕಮ್ಮಿ ಅಷ್ಟೇ ತೋರಿಸಿತು. ಅದಕ್ಕೆ ಅಂಟಿದ್ದ ಮಸಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಮಸಿ ದಪ್ಪವಾದರೆ ಬಿಸಿ ತಡವಾಗಿ ತಿಳಿಯುತ್ತದೆ, ಕಂಟ್ರೋಲರ್ ಪೆಲೆಟ್ ಹಾಕುತ್ತಲೇ ಹೋಗುತ್ತದೆ.

ಒಂದು ಲೆಕ್ಕ ಮಾತ್ರ ತಲೆ ಕೆಡಿಸಿತ್ತು. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಆವರ್ತನ ಬದಲಿಸುವುದಿಲ್ಲ. ಅಲ್ಲಿ 60 ಹರ್ಟ್ಸ್, ಇಲ್ಲಿ 50. ಆಗರಿನ ಎಸಿ ಮೋಟರ್ ಆ ಲೆಕ್ಕಕ್ಕೇ ನಿಧಾನವಾಗುತ್ತದೆ, ಆರರಲ್ಲಿ ಐದು ಪಾಲು. ಅಂದರೆ ಪೆಲೆಟ್ ಕಡಿಮೆ ಬೀಳುತ್ತದೆ. ನನ್ನ ಕಂಟ್ರೋಲರ್ ಸ್ಮೋಕ್ ಸೆಟ್ಟಿಂಗಿನಲ್ಲಿ 15 ಸೆಕೆಂಡ್ ಆಗರ್ ತಿರುಗಿಸಿ 65 ಸೆಕೆಂಡ್ ಸುಮ್ಮನಿರುತ್ತದೆ, ಈ ವಿರಾಮದ ಅಳತೆಗೆ ಕಂಟ್ರೋಲರಿನಲ್ಲಿ ಪಿ-2 ಅಂತ ಹೆಸರು. ಪಿ-1ಕ್ಕೆ ಇಳಿಸಿದರೆ ವಿರಾಮ 55 ಸೆಕೆಂಡ್. ಕೂಡಿ ಕಳೆದರೆ ಮೂಲ ಪ್ರಮಾಣದ ಶೇಕಡಾ 95ರ ಹತ್ತಿರ ಬರುತ್ತದೆ. ಬೆಂಕಿ ಪದೇ ಪದೇ ಆರುತ್ತಿದ್ದುದಕ್ಕೆ ಇದೂ ಒಂದು ಕಾರಣ ಇರಬೇಕು. ಇನ್ನು ಪಿ-1ರಲ್ಲೇ ಇರಲಿ.

ಆಗಸ್ಟ್ 25

ಬಿಸಿಲು! ಹೊರಮೈಯ ತುಕ್ಕು ಉಜ್ಜಿದೆ. ಬೈಕ್ ಸೈಲೆನ್ಸರಿಗೆ ಹೊಡೆಯುವ ಕಪ್ಪು ಬಣ್ಣ ಎರಡು ಕೋಟ್. ಒಳಮೈಗೆ ಬಣ್ಣ ಇಲ್ಲ, ತೆಳುವಾಗಿ ಶೇಂಗಾ ಎಣ್ಣೆ.

ಆಗಸ್ಟ್ 31

ಖಾಲಿ ಒಲೆಗೆ ಬೆಂಕಿ. ಬಿಚ್ಚಿ ಜೋಡಿಸಿದ ಮೇಲೆ ಆಗರ್ ಖಾಲಿ ಇರುತ್ತದೆ, ಮೊದಲ ಪೆಲೆಟ್ ಫೈರ್ ಪಾಟಿಗೆ ಬೀಳಲು ಸುಮಾರು ಹೊತ್ತು ಬೇಕು. ಬಿದ್ದ ಸದ್ದು ಕೇಳಿದ ಕೂಡಲೇ ನಿಲ್ಲಿಸಬೇಕು. ಕುಡಿಕೆ ತುಂಬಿದರೆ ಅಪಾಯ. ಇದನ್ನು ನಾನು ಮೇ ತಿಂಗಳಲ್ಲಿ ಕಲಿತೆ. ಕರೆಂಟ್ ಹೋಗಿ ಬೆಂಕಿ ಆರಿತ್ತು. ಕರೆಂಟ್ ಬಂದಾಗ ಕುಡಿಕೆ ನೋಡದೆ ಮತ್ತೆ ಸ್ವಿಚ್ ಹಾಕಿದೆ. ಹಳೆಯದರ ಮೇಲೆ ಹೊಸದು ಬಿದ್ದು ಹಳದಿ ಬೆರೆತ ದಪ್ಪ ಬಿಳಿ ಹೊಗೆ ತುಂಬಿತು, ಆಮೇಲೆ ಢಬ್ ಅಂತ ಮುಚ್ಚಳ ಹಾರಿತು. ಪಕ್ಕದ ಮನೆ ಅಕ್ಕ ಬೇಲಿಯ ಆಚೆಯಿಂದ, "ತಮ್ಮಾ, ಏನಾಯ್ತೋ? ಗ್ಯಾಸ್ ಹೊಡೀತಾ?" ಅಂತ ಕೂಗಿದ್ದರು.

ಇವತ್ತು ಸದ್ದಿಲ್ಲದೆ ಹೊತ್ತಿತು. ಬೂಸ್ಟು ಇದ್ದ ಒಲೆ ಅಂತ ಪೂರ್ತಿ ಬಿಸಿಯಲ್ಲಿ ಮುಕ್ಕಾಲು ಗಂಟೆ ಉರಿಸಿದೆ. ಆಮೇಲೆ ಇಳಿಸಿ, ತಟ್ಟೆಯಲ್ಲಿ ಸಾಣಿಕಟ್ಟಾದ ಹರಳುಪ್ಪು ಹರಡಿ ಮೂರು ಗಂಟೆ ಹೊಗೆ ಕೊಟ್ಟೆ. ಶ್ರಾವಣಕ್ಕೂ ಅಡ್ಡಿ ಇಲ್ಲ. ಉಪ್ಪು ನಸುಗಂದು ಬಣ್ಣಕ್ಕೆ ಬಂತು. ಆಯಿ ಅದನ್ನು ಮಾವಿನ ಮಿಡಿಯ ಭರಣಿಯ ಹತ್ತಿರಕ್ಕೂ ಬಿಡಲಿಲ್ಲ. ಮಜ್ಜಿಗೆಗೆ ಮಾತ್ರ ಹಾಕಿಕೊಂಡರು, ಎರಡು ಸಲ.

ಸೆಪ್ಟೆಂಬರ್ 21

ಚೌತಿ ಮುಗಿದು ಮೊದಲ ಬಂಗಡೆ. ಉಪ್ಪು ನೀರಲ್ಲಿ ಒಂದು ಗಂಟೆ, ಫ್ಯಾನಿನ ಕೆಳಗೆ ಎರಡು ಗಂಟೆ. ಮೈ ಒಣಗಿ ಸ್ವಲ್ಪ ಅಂಟಂಟು ಆಗದೆ ಹೊಗೆ ಹಿಡಿಯುವುದಿಲ್ಲ, ನಮ್ಮ ಗಾಳಿಯಲ್ಲಿ ಅದು ತಾನಾಗಿ ಆಗುವುದೂ ಇಲ್ಲ. ಕಂಟ್ರೋಲರಿನಲ್ಲಿ 225 ಫ್ಯಾರನ್‌ಹೀಟ್, ಅಂದರೆ 107 ಡಿಗ್ರಿ. ಮೀನಿನ ಒಳಗೆ 63 ಡಿಗ್ರಿ ದಾಟಿದ ಮೇಲೆ ತೆಗೆದೆ. ನಡುವೆ ಕರೆಂಟ್ ಹೋಯಿತು. ಹೊತ್ತಿಕೊಂಡ ಮೇಲೆ ಯಂತ್ರಕ್ಕೆ 50 ವ್ಯಾಟ್ ಆಸುಪಾಸು ಸಾಕು, ಮನೆಯ ಇನ್ವರ್ಟರ್ ಎಳೆಯಿತು. ಫ್ಯಾನ್ ನಿಂತರೆ ಬೆಂಕಿ ಆಗರಿನ ಕಡೆಗೆ ಹಿಂದೆ ಸರಿಯಬಹುದು, ಅದಕ್ಕೇ ಈ ಏರ್ಪಾಡು.

ಮುಗಿದ ಮೇಲೆ ಹಾಪರ್ ಖಾಲಿ ಮಾಡಿ, ಆಗರಿನಲ್ಲಿ ಉಳಿದದ್ದನ್ನು ಉರಿಸಿಯೇ ಆರಿಸಿದೆ. ಪೆಲೆಟ್ ಈಗ ರಬ್ಬರ್ ವಾಶರಿನ ಮುಚ್ಚಳ ಇರುವ ಡಬ್ಬಿಯಲ್ಲಿ, ಅಡುಗೆಮನೆ ಅಟ್ಟದ ಮೇಲೆ, ಒಣ ಮೀನಿನ ಡಬ್ಬಿಯ ಪಕ್ಕ. ಎರಡು ಬೆರಳಲ್ಲಿ ಮುರಿದರೆ ಚಟ್ ಅನ್ನಬೇಕು. ಮೆತ್ತಗೆ ಪುಡಿಯಾದರೆ ಒಲೆಗೆ ಹಾಕುವುದಿಲ್ಲ. ಒಲೆಯ ಒಳಗೆ ತೇವ ಹಿಡಿಯದಿರಲಿ ಅಂತ 40 ವ್ಯಾಟಿನ ಹಳೇ ಬಲ್ಬೊಂದನ್ನು ತೂಗುಹಾಕಿದ್ದೇನೆ, ಹಾರ್ಮೋನಿಯಂ ಪೆಟ್ಟಿಗೆಗೆ ಇಡುವ ಹಾಗೆ. ಚಿಮಣಿಗೆ ಕಣಜ ಬಾರದಂತೆ ಬಟ್ಟೆ ತುರುಕಿದ್ದೇನೆ. ಮರೆತು ಬೆಂಕಿ ಹಾಕಬಾರದಲ್ಲ, ಅದೇ ಬಟ್ಟೆಯ ಒಂದು ತುಂಡು ಪ್ಲಗ್ಗಿಗೂ ಕಟ್ಟಿದೆ.

ಬಂಗಡೆಯಲ್ಲಿ ಎರಡನ್ನು ಬೇಲಿಯಾಚೆಯ ಅಕ್ಕನಿಗೆ ಕೊಟ್ಟೆ. ಒಂದನ್ನು ಬೆಕ್ಕು ಎತ್ತಿಕೊಂಡು ಹೋಯಿತು. ತಂಗಿ ಹೇರ್ ಡ್ರೈಯರ್ ಹುಡುಕುತ್ತಿದ್ದಾಳೆ.