ಕುಲುಮೆಯ ಊರಿನಲ್ಲಿ ಒಂದು ತವರಿನ ಹುಡುಕಾಟ

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದಲ್ಲಿ, ಸಸ್ಕ್ವೆಹಾನ ನದಿಯ ದಂಡೆಯ ಡ್ಯಾನ್‌ವಿಲ್ ಎಂಬ ಸಣ್ಣ ಊರಿನಲ್ಲಿ ನನ್ನ ಮಗ ವೈದ್ಯನಾಗಿದ್ದಾನೆ. ಸೊಸೆ ಆ ಊರಿನವಳೇ. ಅವಳ ತಾಯಿ, ಅಂದರೆ ನನ್ನ ಬೀಗಿತ್ತಿಯವರು, ಬಟ್ಟೆಯಲ್ಲಿ ಸುತ್ತಿ ಕಾಪಾಡಿಕೊಂಡು ಬಂದಿರುವ ವೆಲ್ಷ್ ಭಾಷೆಯ ಹಳೆಯ ಬೈಬಲ್ ಒಂದಿದೆ. ಅದರ ಕೊನೆಯ ಖಾಲಿ ಹಾಳೆಯಲ್ಲಿ, ಕಂದುಬಣ್ಣಕ್ಕೆ ತಿರುಗಿದ ಮಸಿಯಲ್ಲಿ, ಒಬ್ಬ ಗಂಡಸಿನ ಹೆಸರು, ಅವನ ಮುಂದೆ ಮೆರ್ಥರ್ ಎಂಬ ಊರು, ಕೆಳಗೆ ಐವರು ಮಕ್ಕಳ ಹೆಸರು ಮತ್ತು ಹುಟ್ಟಿದ ದಿನಗಳಿವೆ. ಮಕ್ಕಳ ತಾಯಿಯದು ಮೇರಿ ಎಂಬ ಹೆಸರೊಂದೇ. ಊರಿಲ್ಲ, ತಂದೆಯ ಹೆಸರಿಲ್ಲ. ಕಳೆದ ಬೇಸಿಗೆಯಲ್ಲಿ ನಾವು ಮೂವರು ಹೆಂಗಸರು ವೇಲ್ಸ್‌ಗೆ ಹೊರಟದ್ದು ಆ ಹಾಳೆಯನ್ನು ನಂಬಿಕೊಂಡು.

ಕಾರ್ಡಿಫ್‌ನಿಂದ ಮೆರ್ಥರ್ ಟಿಡ್ಫಿಲ್‌ಗೆ ಹೋಗುವ ರೈಲು ಟ್ಯಾಫ್ ನದಿಯ ಕಣಿವೆಯಲ್ಲೇ ಮೇಲಕ್ಕೆ ಏರುತ್ತದೆ. ದಾರಿಯಲ್ಲಿ ಅಬರ್‌ಕನನ್ ನಿಲ್ದಾಣ ಬಂದಾಗ ಸೊಸೆ ನನ್ನ ಕೈ ಹಿಡಿದು ಕಿಟಕಿಯ ಕಡೆಗೆ ತೋರಿಸಿದಳು. 1804ರ ಫೆಬ್ರವರಿ 21ರಂದು ರಿಚರ್ಡ್ ಟ್ರೆವಿಥಿಕ್‌ನ ಉಗಿಬಂಡಿ ಮೆರ್ಥರ್‌ನ ಪೆನಿಡ್ಯಾರೆನ್ ಕಾರ್ಖಾನೆಯಿಂದ ಹತ್ತು ಟನ್ ಕಬ್ಬಿಣವನ್ನು ಹೇರಿಕೊಂಡು ಹಳಿಗಳ ಮೇಲೆ ಬಂದು ಮುಟ್ಟಿದ್ದು ಇಲ್ಲಿಗೇ. ಡೌಲೈಸ್, ಕವಾರ್ಥ್ವ, ಪ್ಲಿಮತ್, ಪೆನಿಡ್ಯಾರೆನ್ ಎಂಬ ನಾಲ್ಕು ಕಾರ್ಖಾನೆಗಳು ಹದಿನೆಂಟನೆಯ ಶತಮಾನದಲ್ಲಿ ಈ ಬೆಟ್ಟಗಳ ನಡುವೆ ಎದ್ದವು. ಕಬ್ಬಿಣದ ಅದಿರು, ಕಲ್ಲಿದ್ದಲು, ಸುಣ್ಣಕಲ್ಲು, ನೀರು ನಾಲ್ಕೂ ಕೈಗೆಟುಕುವಷ್ಟು ಹತ್ತಿರದಲ್ಲಿದ್ದುದೇ ಅದಕ್ಕೆ ಕಾರಣ. 1801ರಲ್ಲಿ ಸುಮಾರು 7,700 ಜನರಿದ್ದ ಮೆರ್ಥರ್ 1851ರ ಹೊತ್ತಿಗೆ 46,000 ದಾಟಿ ವೇಲ್ಸ್‌ನ ಅತಿ ದೊಡ್ಡ ಊರಾಗಿತ್ತು.

ಇಷ್ಟು ಜನರ ನಡುವೆ ಒಬ್ಬನನ್ನು ಹೆಸರಿನಿಂದ ಹುಡುಕುವುದು ಆಗದ ಮಾತೆಂದು ನಮಗೆ ಬೇಗನೆ ಅರಿವಾಯಿತು. ವೆಲ್ಷ್ ಜನರಲ್ಲಿ ಹಿಂದೆ ಮನೆತನದ ಹೆಸರೆಂಬುದು ಇರಲಿಲ್ಲ. ತಂದೆಯ ಹೆಸರೇ ಮಗನ ಹೆಸರಿನ ಬಾಲವಾಗುತ್ತಿತ್ತು. 'ಆಪ್ ಹ್ಯಾರಿ', ಅಂದರೆ ಹ್ಯಾರಿಯ ಮಗ, ಕ್ರಮೇಣ ಪ್ಯಾರಿಯಾದ; 'ಆಪ್ ರೀಸ್' ಪ್ರೈಸ್ ಆದ. ಕೊನೆಗೆ ಜೋನ್ಸ್, ಡೇವಿಸ್, ವಿಲಿಯಮ್ಸ್, ಇವಾನ್ಸ್ ಎಂಬ ಕೆಲವೇ ಹೆಸರುಗಳು ಇಡೀ ನಾಡಿಗೆ ಹರಡಿ ನಿಂತವು. ತಂದೆಯ ಹೆಸರಿನ ಮೊದಲಕ್ಷರವನ್ನು ಇನಿಷಿಯಲ್ ಆಗಿ ಹೊತ್ತು ಬೆಳೆದ ನನಗೆ ಈ ಪದ್ಧತಿ ಹೊಸದೆನಿಸಲಿಲ್ಲ, ಆದರೆ ಬೀಗಿತ್ತಿಯವರ ಕುಟುಂಬ ಹತ್ತು ವರ್ಷಗಳ ಕಾಲ ಅದೇ ಹೆಸರಿನ ಬೇರೊಬ್ಬನನ್ನು ತಮ್ಮ ಹಿರಿಯನೆಂದು ನಂಬಿಕೊಂಡಿತ್ತು. ಆತ ಗಣಿಯಲ್ಲಿ ಕಲ್ಲಿದ್ದಲು ಕಡಿಯುತ್ತಿದ್ದವನು. ಇವರ ಹಿರಿಯ 'ಪಡ್ಲರ್', ಅಂದರೆ ಕರಗಿದ ಕಬ್ಬಿಣವನ್ನು ಕಲಕಿ ಹದಕ್ಕೆ ತರುವವನು, ಎಂಬುದು ಡ್ಯಾನ್‌ವಿಲ್‌ನ ಮನೆಮಾತು. ಹೆಸರನ್ನು ಬದಿಗಿಟ್ಟು ಕಸುಬನ್ನು ಹಿಡಿದ ಮೇಲೆಯೇ ದಾರಿ ತೆರೆಯಿತು.

ಆ ಕಸುಬು ಎಂಥದೆಂದು ನನಗೆ ಮನದಟ್ಟಾದದ್ದು ಕವಾರ್ಥ್ವದಲ್ಲಿ, ಬೆಟ್ಟದ ಬದಿಗೆ ಆನಿಸಿ ಕಟ್ಟಿದ ಊದುಕುಲುಮೆಗಳ ಕಲ್ಲಿನ ಸಾಲಿನ ಎದುರು ನಿಂತಾಗ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ದುಡಿದ ತಂದೆಯ ಮಗಳು ನಾನು. ರಾತ್ರಿ ಆಕಾಶ ಕೆಂಪಾಗುವುದನ್ನು ಅಂಗಳದಲ್ಲಿ ನಿಂತು ನೋಡುತ್ತಾ ಬೆಳೆದವಳು. ಈ ಕುಲುಮೆಗಳು ತಣ್ಣಗಾಗಿ ತಲೆಮಾರುಗಳೇ ಕಳೆದಿವೆ, ಕಲ್ಲಿನ ಸಂದುಗಳಲ್ಲಿ ಜರಿಗಿಡ ಬೆಳೆದಿದೆ, ಆದರೂ ಕಮಾನಿನ ಒಳಗೆ ಕೈ ಇಟ್ಟಾಗ ನನ್ನ ತಂದೆಯ ಅಂಗಿಯ ವಾಸನೆ ನೆನಪಾಯಿತು. ಊದುಕುಲುಮೆಯಿಂದ ಇಳಿಯುವ ಕಬ್ಬಿಣದಲ್ಲಿ ಇಂಗಾಲ ಹೆಚ್ಚಾಗಿರುವುದರಿಂದ ಅದು ಪೆಡಸು, ಬಡಿದರೆ ಒಡೆಯುತ್ತದೆ. 1784ರಲ್ಲಿ ಹೆನ್ರಿ ಕಾರ್ಟ್ ಪೇಟೆಂಟ್ ಪಡೆದ ವಿಧಾನದಲ್ಲಿ ಆ ಕಬ್ಬಿಣವನ್ನು ಬೇರೊಂದು ಕುಲುಮೆಯಲ್ಲಿ, ಕಲ್ಲಿದ್ದಲು ತಾಗದಂತೆ ಬರಿಯ ಜ್ವಾಲೆಯ ಕಾವಿನಿಂದ ಕರಗಿಸಿ, ಸಣ್ಣ ಕಿಂಡಿಯಿಂದ ಉದ್ದನೆಯ ಸಲಾಕೆಯನ್ನು ತೂರಿಸಿ ಕಲಕುತ್ತಿದ್ದರು. ಇಂಗಾಲ ಉರಿದುಹೋದಂತೆಲ್ಲ ಕಬ್ಬಿಣ ಬಿಗಿಯುತ್ತಾ ಬಂದು, ತೊಳಸಿದ ರಾಗಿಹಿಟ್ಟಿನಂತೆ ಮುದ್ದೆ ಕಟ್ಟುತ್ತಿತ್ತು. ಯಾವ ಗಳಿಗೆಯಲ್ಲಿ ಮುದ್ದೆ ಕಟ್ಟಬೇಕೆಂಬ ಹದವನ್ನು ಹೇಳುವ ಯಂತ್ರ ಆಗ ಇರಲಿಲ್ಲ. ಪಡ್ಲರ್‌ನ ಕಣ್ಣಿಗೆ, ಸಲಾಕೆ ಹಿಡಿದ ತೋಳಿಗೆ ಮಾತ್ರ ಅದು ತಿಳಿಯುತ್ತಿತ್ತು. ಕವಾರ್ಥ್ವದ ಒಡೆಯ ರಿಚರ್ಡ್ ಕ್ರಾಶೇ ಈ ಕೆಲಸವನ್ನು ಎಷ್ಟು ದೊಡ್ಡದಾಗಿ ನಡೆಸಿದನೆಂದರೆ ಅದಕ್ಕೆ ವೆಲ್ಷ್ ವಿಧಾನವೆಂಬ ಹೆಸರೇ ಬಂತು.

ಡ್ಯಾನ್‌ವಿಲ್‌ಗೆ ಬೇಕಾಗಿದ್ದುದು ಈ ಹದ ಬಲ್ಲ ತೋಳುಗಳು. ಇಂಗ್ಲಿಷಿನ 'ಟಿ' ಅಕ್ಷರದ ಆಕಾರದ ರೈಲುಕಂಬಿ ಅಮೆರಿಕದಲ್ಲಿ ಮೊದಲು ತಯಾರಾದದ್ದು 1845ರಲ್ಲಿ, ಅಲ್ಲಿನ ಮಾಂಟೂರ್ ಕಾರ್ಖಾನೆಯಲ್ಲಿ. ಅಲ್ಲಿಂದ ಮುಂದೆ ಮೆರ್ಥರ್‌ನ ಕುಟುಂಬಗಳು ಒಂದರ ಹಿಂದೆ ಒಂದರಂತೆ ಆ ಊರಿಗೆ ಹೊರಟವು. ಅವುಗಳಲ್ಲಿ ಒಂದರ ಕಥೆ ಎಲ್ಲರಿಗೂ ಗೊತ್ತಿದೆ. ಚಾಪೆಲ್ ರೋ ಎಂಬ ಸಾಲುಮನೆಗಳ ನಾಲ್ಕನೆಯ ಮನೆಯಲ್ಲಿ 1841ರಲ್ಲಿ ಹುಟ್ಟಿದ ಜೋಸೆಫ್ ಪ್ಯಾರಿ, ಒಂಬತ್ತನೆಯ ವಯಸ್ಸಿಗೆ ಗಣಿಗೂ ಹನ್ನೆರಡನೆಯ ವಯಸ್ಸಿಗೆ ಪಡ್ಲಿಂಗ್ ಕುಲುಮೆಗೂ ಇಳಿದ ಹುಡುಗ. ತಂದೆ 1853ರಲ್ಲಿ ಮುಂದಾಗಿ ಡ್ಯಾನ್‌ವಿಲ್‌ಗೆ ಹೋದರು, ತಾಯಿ ಮಕ್ಕಳೊಂದಿಗೆ ಮರುವರ್ಷ ಹೋದರು. ಅಲ್ಲಿನ ಕಾರ್ಖಾನೆಯ ಸಹೋದ್ಯೋಗಿಗಳಿಂದಲೇ ಸಂಗೀತ ಕಲಿತ ಆತ ಮುಂದೆ ಲಂಡನ್ನಿನಲ್ಲಿ ಓದಿ, 1874ರಲ್ಲಿ ಅಬರಿಸ್ಟ್‌ವಿತ್‌ನ ಕಾಲೇಜಿನಲ್ಲಿ ಸಂಗೀತದ ಮೊದಲ ಪ್ರಾಧ್ಯಾಪಕರಾದರು. ಅವರು ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯ. ಬಾಗಿಲ ಮುಂದೆ ಹಳೆಯ ಗ್ಲಾಮೋರ್ಗನ್ ಕಾಲುವೆಯ ಒಂದು ತುಣುಕು ನೀರನ್ನು ಉಳಿಸಿಕೊಂಡಿದ್ದಾರೆ. ಕೆಳಗಿನ ಕೋಣೆಯ ಒಲೆಯ ಪಕ್ಕದಲ್ಲಿ ಬೀಗಿತ್ತಿಯವರು ಬಹಳ ಹೊತ್ತು ನಿಂತಿದ್ದರು. ಗಂಡ ಸಮುದ್ರದಾಚೆ ಇರುವಾಗ ಮಕ್ಕಳನ್ನು ಕಟ್ಟಿಕೊಂಡು ಪ್ರಯಾಣಕ್ಕೆ ಸಿದ್ಧಳಾಗುತ್ತಿದ್ದ ಹೆಂಗಸು ಎಂಥ ಕೋಣೆಯಲ್ಲಿ ಗಂಟು ಕಟ್ಟಿರಬಹುದೆಂದು ಅವರು ಅಲ್ಲಿ ಕಣ್ಣಾರೆ ಕಂಡರು.

1851ರ ಮಾರ್ಚ್ 30ರ ಜನಗಣತಿಯಲ್ಲಿ ನಮ್ಮ ಮನೆ ಸಿಕ್ಕಿತು. ಯಜಮಾನ ಪಡ್ಲರ್; ಮಕ್ಕಳ ಹೆಸರುಗಳು ಬೈಬಲಿನ ಹಾಳೆಯಲ್ಲಿದ್ದ ಕ್ರಮದಲ್ಲೇ ಇದ್ದವು. ಆ ಗಣತಿಯಲ್ಲಿ ಪ್ರತಿಯೊಬ್ಬರೂ ಹುಟ್ಟಿದ ಊರನ್ನು ಕೇಳಿ ಬರೆದುಕೊಂಡಿದ್ದಾರೆ. ಮೇರಿಯ ಹೆಸರಿನ ಎದುರು ಕಾರ್ಮಾರ್ಥೆನ್ ಜಿಲ್ಲೆಯ ಲಾಂಡವರಿ ಎಂದಿತ್ತು. ಎರಡನೆಯ ಮಗುವಿನ ಜನನಪತ್ರದ ಪ್ರತಿಯನ್ನು ಸೊಸೆ ಮೊದಲೇ ತರಿಸಿಟ್ಟುಕೊಂಡಿದ್ದಳು. ತಂದೆಯ ಕಸುಬು, ತಾಯಿಯ ತವರುಮನೆಯ ಹೆಸರು ಎರಡೂ ಅದರಲ್ಲಿದ್ದವು. ಕೆಳಗೆ ಸಹಿಯ ಜಾಗದಲ್ಲಿ ಒಂದು ಅಡ್ಡಗೀಟು, ಒಂದು ಓರೆಗೀಟು; ಸುತ್ತಲೂ ಗುಮಾಸ್ತನ ಅಕ್ಷರದಲ್ಲಿ 'ಮೇರಿಯ ಗುರುತು' ಎಂಬ ಮಾತು. ಬೈಬಲಿನ ಹಾಳೆಯನ್ನು ತುಂಬಿದ ಕೈ ಅವಳದಲ್ಲವೆಂದು, ತನ್ನ ಊರನ್ನು ಅವಳು ಬರೆಯದೆ ಬಿಟ್ಟದ್ದಲ್ಲವೆಂದು, ಅದನ್ನು ನೋಡಿದ ಮೇಲೆ ನಮಗೆ ತಿಳಿಯಿತು.

ಮರುದಿನ ಬ್ರೆಕನ್ ಮಾರ್ಗವಾಗಿ ಲಾಂಡವರಿಗೆ ಹೋದೆವು. ದನದ ಮಂದೆಗಳನ್ನು ಇಂಗ್ಲೆಂಡಿನ ಸಂತೆಗಳಿಗೆ ಹೊಡೆದೊಯ್ಯುತ್ತಿದ್ದವರ ಊರದು. ಅವರ ಹಣಕ್ಕಾಗಿಯೇ 1799ರಲ್ಲಿ ಇಲ್ಲಿ ಕಪ್ಪು ಎತ್ತಿನ ಹೆಸರಿನ ಬ್ಯಾಂಕೊಂದು ಶುರುವಾಗಿತ್ತು. ಸುತ್ತಲೂ ಹಸಿರು ಹುಲ್ಲುಗಾವಲು, ಕಾರ್ಖಾನೆಯ ಮಸಿಯ ಸುಳಿವಿಲ್ಲ. ಈ ಗಾಳಿಯನ್ನು ಬಿಟ್ಟು ಮೆರ್ಥರ್‌ನ ಹೊಗೆಗೆ ಹೋದವಳು, ಅಲ್ಲಿಂದ ಡ್ಯಾನ್‌ವಿಲ್‌ನ ಹೊಗೆಗೆ ಹೋದಳು. ಊರ ನಡುವಿನ ಬೆಂಚಿನ ಮೇಲೆ ಕುಳಿತು ಬೀಗಿತ್ತಿಯವರು ಬೈಬಲಿನ ಬಟ್ಟೆ ಬಿಚ್ಚಿದರು. ಕೈ ನಡುಗುತ್ತಿದ್ದುದರಿಂದ ಪೆನ್ಸಿಲನ್ನು ಮಗಳ ಕೈಗೆ ಕೊಟ್ಟರು. ಸೊಸೆ ಮೇರಿಯ ಹೆಸರಿನ ಮುಂದೆ ತವರುಮನೆಯ ಹೆಸರನ್ನು, ಆಮೇಲೆ ಲಾಂಡವರಿ ಎಂಬುದನ್ನು, ಒಂದೊಂದೇ ಅಕ್ಷರ ಉಚ್ಚರಿಸುತ್ತಾ ಬರೆದಳು.